ಶಿವಪುತ್ರಪ್ಪ ಸ್ಟೇರಿಂಗ್ ಬದಲಿಸಿದ್ದು

ಪುಣೆಯ ಹಡಪಸರದ ನಮ್ಮ ಗಲ್ಲಿಯಲ್ಲಿ ಶಿವಪುತ್ರಪ್ಪನ ಬಗ್ಗೆ ಯಾರನ್ನೇ ಕೇಳಿದರೂ ಒಂದೇ ಉತ್ತರ: ನಿದ್ದೆಗಣ್ಣಲ್ಲಿ ಕಾರು ಓಡಿಸಿ ಗೋದಾಬಾಯಿಯ ಜೀವ ತೆಗೆದವನು. ಈ ಮಾತನ್ನು ಮೊಟ್ಟಮೊದಲು ಆಡಿದವನು ನಾನು. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ, ನನ್ನ ಬಾಯಿಯೇ ಅಂಥದ್ದು. ಮೂವತ್ತೊಂದು ವರ್ಷ ಕಾರ್ಖಾನೆಯ ಸ್ಟೋರಿನಲ್ಲಿ ಕೂತು, ಕಳೆದುಹೋದ ಪ್ರತಿ ನಟ್ಟಿಗೂ ಬೋಲ್ಟಿಗೂ ಒಬ್ಬ ಹೊಣೆಗಾರನನ್ನು ಹುಡುಕಿ ಹೆಸರು ಬರೆದವನು. ಕಾರಣ ಗೊತ್ತಿಲ್ಲ ಎಂದು ಸುಮ್ಮನಿರುವುದು ನನ್ನಿಂದ ಆಗುವುದಿಲ್ಲ.

ಶಿವಪುತ್ರಪ್ಪ ಮೊದಲ ದಿನದಿಂದ ಹೇಳುತ್ತಿದ್ದುದು ಬೇರೆ. "ನಾ ಹಾರ್ನ್ ಒತ್ತಿದೆ. ಅದು ಒದರಲಿಲ್ಲ." ಪೊಲೀಸರಿಗೆ ಹೇಳಿದ, ಗೋದಾಬಾಯಿಯ ಮಗನಿಗೆ ಹೇಳಿದ, ಹೆಂಡತಿ ಚನ್ನಬಸವ್ವನಿಗೆ ಹೇಳಿದ. ಯಾರೂ ನಂಬಲಿಲ್ಲ. ಪೊಲೀಸರು ನಂಬದಿದ್ದುದಕ್ಕೆ ಅವನಿಗೆ ಅಂಥ ಬೇಸರವೇನೂ ಆಗಲಿಲ್ಲ. ಹೆಂಡತಿ ನಂಬಲಿಲ್ಲವಲ್ಲ, ಅದು ಅವನನ್ನು ಒಳಗೇ ತಿನ್ನುತ್ತಿತ್ತು.

ಅವನು ಇಂಡಿ ಕಡೆಯವನು. ಹತ್ತೊಂಬತ್ತನೆಯ ವಯಸ್ಸಿಗೆ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಟೆಂಪೊ ಓಡಿಸಿದ, ಆಮೇಲೆ ಶಾಲೆಯ ವ್ಯಾನು ಓಡಿಸಿದ. ಹನ್ನೊಂದು ವರ್ಷದ ಹಿಂದೆ ಹಳೆಯದೊಂದು ಬಿಳಿ ಕಾರು ಕೊಂಡು ಹಿಂಜವಾಡಿಯ ಆಫೀಸೊಂದಕ್ಕೆ ಕ್ಯಾಬ್ ಹಚ್ಚಿದ. ರಾತ್ರಿಪಾಳಿಯವರನ್ನೆಲ್ಲ ಅವರವರ ಮನೆ ಮುಟ್ಟಿಸಿ ಬೆಳಿಗ್ಗೆ ಏಳರ ಸುಮಾರಿಗೆ ಗಲ್ಲಿಗೆ ಬರುತ್ತಿದ್ದ. ದಪ್ಪ ಮೀಸೆ, ಸಣ್ಣ ದನಿ. ಕುಡಿತವಿಲ್ಲ, ತಂಬಾಕಿಲ್ಲ. ಇದ್ದ ಒಂದೇ ಚಟ ಹಾರ್ನಿನದು. ಹಿಂಜವಾಡಿಯ ರಸ್ತೆಯಲ್ಲಿ ಗಾಡಿ ಹೊಡೆಯುವವರ ಕೈ ಬ್ರೇಕಿಗಿಂತ ಮೊದಲು ಹಾರ್ನಿಗೆ ಹೋಗುತ್ತದೆ. ಇವನ ಕೈಯೂ ಹಾಗೇ ಕಲಿತುಬಿಟ್ಟಿತ್ತು.

ದೊಡ್ಡ ರಸ್ತೆಯಿಂದ ಗಲ್ಲಿಗೆ ಹೊರಳುವಲ್ಲಿ ಅವನು ಎರಡು ಸಲ ಸಣ್ಣಗೆ ಹಾರ್ನ್ ಒತ್ತುತ್ತಿದ್ದ. ಮೊದಲನೆಯದು ಗೋದಾಬಾಯಿಗೆ, ಎರಡನೆಯದು ಹೆಂಡತಿಗೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಚೇಷ್ಟೆಯಾದರೂ ಅದು ಖರೆಯೇ ಆಗಿತ್ತು. ಗೋದಾಬಾಯಿ ಗಲ್ಲಿಯ ಬಾಯಲ್ಲಿ ಗೋಣಿತಾಟು ಹಾಸಿಕೊಂಡು ಪಲ್ಯೆ ಮಾರುವವಳು. ಗಿರಾಕಿಗಳೆಲ್ಲ ಗಲ್ಲಿಯ ಹೆಂಗಸರಾದ್ದರಿಂದ ಅವಳ ಮುಖ ಗಲ್ಲಿಗೆ, ಬೆನ್ನು ದೊಡ್ಡ ರಸ್ತೆಗೆ. ಹಾರ್ನ್ ಕೇಳಿದ್ದೇ ತಿರುಗಿಯೂ ನೋಡದೆ ಗೋಣಿಯ ತುದಿ ಹಿಡಿದು ಮೆಂತ್ಯೆ, ಸಬ್ಬಸಿಗೆ, ತಾನು ಎಲ್ಲ ಸೇರಿ ಒಂದು ಮೊಳ ಗೋಡೆಯತ್ತ ಸರಿಯುತ್ತಿದ್ದಳು. ಸರಿದವಳೇ ಎರಡನೆಯ ಮಹಡಿಗೆ ಕೇಳುವಂತೆ "ಚನ್ನಾ, ಆಲಾ ಗ ತುಝಾ ಡ್ರೈವರ್" ಎಂದು ಕೂಗುತ್ತಿದ್ದಳು. ನಿನ್ನ ಡ್ರೈವರ್ ಬಂದ ಎಂಬ ಆ ಕೂಗು ಕೇಳಿ ಚನ್ನಬಸವ್ವ ಚಹಾಕ್ಕೆ ಇಡುತ್ತಿದ್ದಳು. ಹನ್ನೊಂದು ವರ್ಷ ದಿನವೂ ಇದು ನಡೆಯಿತು.

ಚನ್ನಬಸವ್ವ ಮದುವೆಯಾಗಿ ಈ ಊರಿಗೆ ಬಂದಾಗ ಅವಳಿಗೆ ಮರಾಠಿಯ ಒಂದಕ್ಷರ ಬರುತ್ತಿರಲಿಲ್ಲ. ಕೊತ್ತಂಬರಿ ಬೇಕಾದರೆ ಕೈ ಮಾಡಿ ತೋರಿಸುತ್ತಿದ್ದಳು. ಕಲಿಸಿದವಳು ಗೋದಾಬಾಯಿ. ಪಲ್ಯೆಯ ಹೆಸರಿನಿಂದ ಶುರುವಾದದ್ದು ಬಯ್ಗುಳದವರೆಗೂ ಹೋಯಿತು. ಚನ್ನಬಸವ್ವನ ಹೆರಿಗೆಯಲ್ಲಿ ತವರಿನವರು ಬರುವುದು ತಡವಾದಾಗ ಆಸ್ಪತ್ರೆಯಲ್ಲಿ ಕೂತವಳೂ ಅವಳೇ. ಆ ಕೂಸು, ಸ್ನೇಹಲ್, ಈಗ ಲಗ್ನವಾಗಿ ತಳೇಗಾಂವದಲ್ಲಿದ್ದಾಳೆ. ಮಗಳು ಹೋದ ಮೇಲೆ ಚನ್ನಬಸವ್ವನಿಗೆ ಮಾತಾಡಲು ಉಳಿದವರು ಇಬ್ಬರೇ, ಗಂಡ ಮತ್ತು ಗೋದಾಬಾಯಿ.

ಇನ್ನೊಂದು ವಿಷಯ ಹೇಳಬೇಕು. ಚನ್ನಬಸವ್ವನ ಲಿಂಗಪೂಜೆ ತಪ್ಪಿದ್ದನ್ನು ನಾನು ನೋಡಿಲ್ಲ. ಪೂಜೆ ಮುಗಿದ ಮೇಲೆ ವಿಭೂತಿ ಹೊಸ್ತಿಲಿಗೆ, ಗ್ಯಾಸಿನ ಒಲೆಗೆ, ಸೋಮವಾರ ಬಂದರೆ ಕಾರಿಗೂ. ಸಣ್ಣ ಬಟ್ಟಲು ಹಿಡಿದು ಕೆಳಗಿಳಿದು ಬಂದು, ಸ್ಟೇರಿಂಗಿನ ನಟ್ಟನಡುವೆ, ಹಾರ್ನ್ ಒತ್ತುವ ಜಾಗದ ಮೇಲೆ, ಮೂರು ಬೆರಳಿಂದ ಒದ್ದೆ ವಿಭೂತಿ ಎಳೆಯುತ್ತಿದ್ದಳು. ಅದರ ಮೇಲೆ ಒಂದು ಚಮಚ ಲಿಂಗದ ನೀರು. ಆ ನೀರು ನೆಲಕ್ಕೆ ಬಿದ್ದು ಯಾರೂ ತುಳಿಯಬಾರದೆಂದು ಹನಿ ಹನಿಯಾಗಿ ಬಿಡುತ್ತಿದ್ದಳು. ಒಂದು ಹನಿಯೂ ಕೆಳಗೆ ಬೀಳುತ್ತಿರಲಿಲ್ಲ, ಎಲ್ಲ ಅಲ್ಲೇ ಸಂದಿಯಲ್ಲಿ ಇಂಗಿ ಹೋಗುತ್ತಿತ್ತು. "ನೋಡ್ರಿ ಅಣ್ಣಾರ, ಗಾಡಿನೂ ಪಾದೋದಕ ತಗೋತದ" ಎಂದು ಒಮ್ಮೆ ನನಗೆ ಹೇಳಿ ನಕ್ಕಿದ್ದಳು. ನಾನೂ ನಕ್ಕಿದ್ದೆ. ಶ್ರಾವಣದಲ್ಲಿ ಮಾತ್ರ ಸೋಮವಾರದ ಲೆಕ್ಕವಿಲ್ಲ, ತಿಂಗಳಿಡೀ ದಿನವೂ ಪೂಜೆ.

ಹೋದ ಶ್ರಾವಣದ ಒಂದು ಮಂಗಳವಾರ ಅದು. ಜಿಟಿಜಿಟಿ ಮಳೆ. ಗೋದಾಬಾಯಿ ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದು, ಬಗ್ಗಿ ಪಲ್ಯೆಯ ಸಿವುಡು ಬಿಚ್ಚುತ್ತಿದ್ದಳು. ಶಿವಪುತ್ರಪ್ಪ ದೊಡ್ಡ ರಸ್ತೆಯಿಂದ ಹೊರಳಿದ. ಅವನು ಹೇಳುವ ಪ್ರಕಾರ ಹಾರ್ನ್ ಒತ್ತಿದ, ಸದ್ದಾಗಲಿಲ್ಲ. ಅವಳು ಎಂದಿನಂತೆ ಸರಿಯುತ್ತಾಳೆ ಎಂದುಕೊಂಡೇ ಮತ್ತೆ ಒತ್ತಿದ, ಆಗಲೂ ಇಲ್ಲ. ಆಮೇಲೆ ಬ್ರೇಕು. ನೀರಿನಲ್ಲಿ ಗಾಲಿ ಜಾರಿತು. ಸ್ಟೇರಿಂಗ್ ಹೊರಳಿಸಿ ಗೋಡೆಗೆ ಬಡಿದರೂ ಬಂಪರಿನ ಮೂಲೆ ಅವಳ ಸೊಂಟಕ್ಕೆ ತಾಗಿತು, ಅವಳ ತಲೆ ಗಟಾರದ ಕಲ್ಲಿಗೆ ಬಿತ್ತು. ಇವನ ಎದೆ ಬಡಿದ ಹೊಡೆತಕ್ಕೆ ಸ್ಟೇರಿಂಗ್ ಸೀಳಿತು.

ಆಸ್ಪತ್ರೆಯ ಪಡಸಾಲೆಯಲ್ಲಿ ನಾವು ನಿಂತಿದ್ದೆವು. ಅವನು "ಹಾರ್ನ್ ಒತ್ತಿದೆ, ಒದರಲಿಲ್ಲ" ಎಂದು ಹತ್ತನೆಯ ಸಲ ಹೇಳಿದಾಗ ನನಗೆ ರೇಗಿತು. "ರಾತ್ರಿಯೆಲ್ಲಾ ಎಚ್ಚರ ಇದ್ದು ಬಂದಿದ್ದಿ. ಕಣ್ಣು ಹತ್ತಿತ್ತೇನೋ ನಿನಗ?" ಎಂದುಬಿಟ್ಟೆ. ಹಿಂದೆ ಚನ್ನಬಸವ್ವ ನಿಂತಿದ್ದಳು. ಅವಳು ಗಂಡನ ಮುಖ ನೋಡಿದಳು. ಆ ನೋಟ ನನಗೆ ಇನ್ನೂ ನೆನಪಿದೆ, ಮರೆಯಬೇಕೆಂದರೂ ಹೋಗುವುದಿಲ್ಲ. ಸಂಜೆಯ ಹೊತ್ತಿಗೆ ಇಡೀ ಗಲ್ಲಿ ಅದೇ ಮಾತಾಡುತ್ತಿತ್ತು.

ಮೂರು ದಿನಕ್ಕೆ ಗಾಡಿ ತಪಾಸಣೆಗೆ ಒಬ್ಬ ಅಧಿಕಾರಿ ಬಂದ. ಕಿಟಕಿಯಿಂದಲೇ ಕೈ ಚಾಚಿ ಹಾರ್ನ್ ಒತ್ತಿದ. ಸೊಗಸಾಗಿ ಕೂಗಿತು. ಹಾರ್ನ್ ಸರಿಯಾಗಿದೆ ಎಂದು ಬರೆದುಕೊಂಡು ಹೋದ. ಹತ್ತೊಂಬತ್ತನೆಯ ದಿನ ಗೋದಾಬಾಯಿ ತೀರಿಕೊಂಡಳು.

ಅಲ್ಲಿಂದ ಆ ಮನೆಯಲ್ಲಿ ಮಾತು ನಿಂತಿತು. ಚನ್ನಬಸವ್ವ ಅಡಿಗೆ ಮಾಡುತ್ತಾಳೆ, ಬಡಿಸುತ್ತಾಳೆ, ನೀರು ಬಂತೆಂದರೆ ಬಂತೆನ್ನುತ್ತಾಳೆ. ಅಷ್ಟೇ. ಗಲ್ಲಿಯ ಕಡೆಗಿದ್ದ ಅಡಿಗೆಮನೆಯ ಕಿಟಕಿ ಮುಚ್ಚಿದವಳು ಮತ್ತೆ ತೆಗೆಯಲಿಲ್ಲ. ಕಾರಿಗೆ ವಿಭೂತಿ ಹಚ್ಚುವುದೂ ನಿಂತಿತು. ಒಮ್ಮೆ ನಾನೇ ಹೋಗಿ ಸಮಾಧಾನದ ಮಾತಾಡಿದೆ. ಅವಳು ಕಾಳು ಆರಿಸುತ್ತ ತಲೆಯೆತ್ತದೆ ಹೇಳಿದಳು:

"ನಾ ಆವತ್ತು ಕಿವಿಗೊಟ್ಟು ಕುಂತಿದ್ದೆ ಅಣ್ಣಾರ. ಚಹಾದ ಪಾತೇಲಿ ಕೈಯಾಗ ಹಿಡದು. ಹಾರ್ನ್ ಆಗಲಿಲ್ಲ. ಸಾಹೇಬ್ರು ಬಂದು ಒತ್ತಿದ್ರ ಚಲೋ ಒದರ್ತು, ಅಂದ್ರ ಇವ್ರು ಒತ್ತೇ ಇಲ್ಲ. ನಿದ್ದಿ ಹತ್ತಿತ್ತು ಅಂತ ಅಂದಿದ್ರ ನಾ ಒಂದಿನ ಅತ್ತು ಬಿಟ್ಟುಬಿಡ್ತಿದ್ದೆ. ಮನಶಾ ಇದ್ದಮ್ಯಾಲೆ ನಿದ್ದಿ ಬರ್ತದ. ಆದ್ರ ಆಕಿ ಸತ್ತಮ್ಯಾಲೂ ಸುಳ್ಳು ಹೇಳ್ತಾರಲ್ರಿ ಇವ್ರು. ಅದನ್ನ ಹೆಂಗ ನುಂಗಲಿ?"

ಅವಳ ಕಿವಿಗಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿನಲ್ಲಿದೆ? ನಾನು ಎದ್ದು ಬಂದೆ.

ಎಂಟು ತಿಂಗಳು ಕಾರು ನಮ್ಮ ಕಟ್ಟಡದ ಕೆಳಗೆ ಧೂಳು ತಿನ್ನುತ್ತ ನಿಂತಿತ್ತು. ಶಿವಪುತ್ರಪ್ಪ ಒಂದು ಗೋದಾಮಿನಲ್ಲಿ ಕಾವಲು ಕೂರುತ್ತಿದ್ದ. ಮೈ ಇಳಿದಿತ್ತು. ಏಪ್ರಿಲ್‌ನಲ್ಲಿ ತಳೇಗಾಂವ ದಾಭಾಡೆಯ ಕಾರ್ಖಾನೆಯೊಂದರವರು ಹಗಲುಪಾಳಿಯ ಸ್ಟಾಫನ್ನು ಕರೆತರಲು ಗಾಡಿ ಕೇಳಿದರು. ಅವನು ಹಳೆ ಸಾಮಾನು ಮಾರುವ ಜುನಾ ಬಜಾರಿಗೆ ಹೋಗಿ ಅದೇ ಮಾದರಿಯ ಇನ್ನೊಂದು ಸ್ಟೇರಿಂಗ್ ಹುಡುಕಿ ತಂದ. ಹಾಕಿಸಲು ಗ್ಯಾರೇಜಿಗೆ ಮಾತ್ರ ಹೋಗಲಾರೆ ಎಂದ. ಗಾಡಿತಳ ಚೌಕದ ಗ್ಯಾರೇಜಿನವರಿಗೆಲ್ಲ ಈ ಕಥೆ ಗೊತ್ತು, ನಟ್ಟು ಬಿಚ್ಚುವ ಪಾನಾ ತಿರುಗಿಸುತ್ತ ಒಂದೊಂದು ಪ್ರಶ್ನೆ ಕೇಳುತ್ತಾರೆ.

"ಮನ್ಯಾಗ ಮಾಡೂಣ್ರಿ ಅಣ್ಣಾ. ನಿಮ್ಮ ಹತ್ರ ಸಾಮಾನು ಅದಾವಲ್ಲ" ಎಂದ.

ಸಾಮಾನು ನನ್ನ ಹತ್ತಿರ ಇದ್ದೇ ಇರುತ್ತದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಾನಾದ ಪೆಟ್ಟಿಗೆ ಹಿಡಿದು ಕೆಳಗಿಳಿದೆ. ಬಿಸಿಲು ಆಗಲೇ ಚುರುಗುಡುತ್ತಿತ್ತು. ಗಾಲಿಗಳು ನೇರ ಇರುವಂತೆ ಕಾರನ್ನು ನಿಲ್ಲಿಸಿದೆವು. ಹಿಂದಿನ ದಿನವೇ ಚಾರ್ಜು ಮಾಡಿಸಿ ಕೂರಿಸಿದ್ದ ಬ್ಯಾಟರಿಯ ವೈರು ಬಿಚ್ಚಿದೆವು, ಬಿಚ್ಚದೆ ಕೈ ಹಾಕಿದರೆ ಹಾರ್ನ್ ಒಂದೇ ಸಮನೆ ಬಡಿದುಕೊಳ್ಳುತ್ತದೆ. ಅವನು ಸೀಟಿನಲ್ಲಿ ಕೂತ, ನಾನು ಪಕ್ಕದ ಬಾಗಿಲಿನಲ್ಲಿ. ಸೀಳಿದ ಸ್ಟೇರಿಂಗಿನ ಮೇಲೆ ಅವನು ಕೈಯಿಟ್ಟ.

"ಒಂದು ಮಾತು ಹೇಳ್ಲ್ಯಾ ಅಣ್ಣಾ? ಈಗೀಗ ನನಗೂ ಅನಸ್ತದ, ಒತ್ತಿದ್ನೋ ಇಲ್ಲೋ ಅಂತ. ಇಷ್ಟು ಮಂದಿ ಹೇಳ್ತಾರಂದ್ರ ನಿದ್ದಿ ಹತ್ತಿರಬೇಕು. ಒತ್ತಿದೆ ಅನ್ನೂದು ಕನಸಿನ್ಯಾಗ ಕಂಡಿದ್ದಿರಬೇಕು."

ಆ ಇಷ್ಟು ಮಂದಿಯ ಮುಂದಿನ ಸಾಲಿನಲ್ಲಿ ನಿಂತವನು ನಾನಲ್ಲವೇ. "ಮೊದಲು ಹಾರ್ನಿನ ಮುಚ್ಚಳ ತೆಗಿ" ಎಂದೆ.

ಸ್ಟೇರಿಂಗ್ ಬಿಚ್ಚಬೇಕಾದರೆ ನಡುವಿನ ಆ ಮುಚ್ಚಳ ಮೊದಲು ಬರಬೇಕು, ನಟ್ಟು ಇರುವುದು ಅದರ ಕೆಳಗೆ. ಅವನು ಚಪ್ಪಟೆ ಸ್ಕ್ರೂಡ್ರೈವರನ್ನು ಸಂದಿಗೆ ಹಾಕಿ ಮೀಟಿದ. ಬರಲಿಲ್ಲ. ನಾಲ್ಕು ಕಡೆ ಮೀಟಿದ ಮೇಲೆ ಕಟ್ಟನೆ ಸದ್ದು ಮಾಡಿ ಎದ್ದಿತು, ಅದರ ಜೊತೆ ಬಿಳಿಯ ಚೂರುಗಳು ಅವನ ತೊಡೆಯ ಮೇಲೆ ಉದುರಿದವು.

ಮೊದಲು ನಾನು ಪೇಂಟು ಎಂದುಕೊಂಡೆ. ಮುಚ್ಚಳ ತಿರುಗಿಸಿ ನೋಡಿದರೆ ಹಾರ್ನಿನ ತಗಡಿನ ನಡುಭಾಗ ಕಾಣುತ್ತಲೇ ಇರಲಿಲ್ಲ. ನಡುವೆ ಎರಡು ತಗಡುಗಳು ಒಂದಕ್ಕೊಂದು ತಾಗುವ ಜಾಗದಲ್ಲಿ ಬಿಳಿಯದೊಂದು ಪದರು ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರ ಅಂಚಿಗೆ ಹಸಿರು ಕಿಲುಬು. ಸ್ಪ್ರಿಂಗುಗಳು ತುಕ್ಕು ಹಿಡಿದು ಕೆಂಪಾಗಿದ್ದವು. ಶಿವಪುತ್ರಪ್ಪ ಒಂದು ಚೂರು ಎತ್ತಿ ಮೂರು ಬೆರಳಿನ ನಡುವೆ ಉಜ್ಜಿದ. ನುಣ್ಣಗೆ ಪುಡಿಯಾಯಿತು. ರೂಢಿಬಲದಿಂದ ಅವನ ಕೈ ಹಣೆಯ ಕಡೆಗೆ ಎದ್ದಿತು, ಎದ್ದದ್ದು ಅರ್ಧದಲ್ಲಿ ನಿಂತಿತು.

"ವಿಭೂತಿ" ಎಂದ.

ಹೋಗಿ ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿ ಬಂದೆ. ಅವನು ಮುಚ್ಚಳವನ್ನು ಅದರ ಜಾಗದಲ್ಲಿ ಕೂರಿಸಿ, ಎಂದಿನಂತೆ ಅಂಗೈಯಿಂದ ನಟ್ಟನಡುವೆ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಇಲ್ಲ. ಕಿಟಕಿಯಿಂದ ಕೈ ಹಾಕುವ ಮನುಷ್ಯ ಎಲ್ಲಿ ಒತ್ತಿಯಾನು ಎಂದು ನೋಡಿ ನಾನು, ಆ ಪದರು ಇನ್ನೂ ಮುಟ್ಟದ ಬಲ ಅಂಚಿಗೆ ಬೆರಳಿಟ್ಟು ಒತ್ತಿದೆ. ಎಂಟು ತಿಂಗಳಿಂದ ಮೂಕವಾಗಿದ್ದ ಕಾರು ಕಟ್ಟಡಕ್ಕೆಲ್ಲ ಕೇಳುವಂತೆ ಕೂಗಿತು.

ಅಂದರೆ ಅವನು ಒತ್ತಿದ್ದ. ಎರಡು ಸಲ. ಎಚ್ಚರವಿದ್ದ. ಹೇಳಿದ್ದೆಲ್ಲ ಅಕ್ಷರಕ್ಕೆ ಅಕ್ಷರ ಖರೆ. ನನಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಸಂತೋಷವೂ ಆಯಿತು. ಈಗಿಂದೀಗಲೇ ಇಡೀ ಗಲ್ಲಿಯನ್ನು ಕರೆದು ತೋರಿಸಬೇಕು ಎನಿಸಿತು. ತಗಡನ್ನು ಮುಚ್ಚಳದಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡೆ.

ಮೇಲೆ ಬಾಗಿಲು ತೆರೆದ ಸದ್ದಾಯಿತು. ಹಾರ್ನ್ ಕೇಳಿ ಚನ್ನಬಸವ್ವ ಹೊರಬಂದಿದ್ದಳು. ಅವಳ ಬಲಗಾಲಿನ ಮಂಡಿ ನೋಯುತ್ತದೆ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲೂರಿ ಇಳಿಯುತ್ತಾಳೆ. ಆ ಸದ್ದು ನಮಗೆ ಕೇಳುತ್ತಿತ್ತು.

"ಚಲೋ ಆತು, ಬರಲಿ" ಎಂದೆ. "ಇದನ್ನ ಆಕಿಗೆ ತೋರಸು. ಎಂಟು ತಿಂಗಳು ಮಾತು ಬಿಟ್ಟಾಳ."

"ಬ್ಯಾಡ್ರಿ ಅಣ್ಣಾ."

"ಯಾಕ? ನೀ ಸುಳ್ಳು ಹೇಳಿಲ್ಲ ಅನ್ನೂದಕ್ಕ ಇದಕ್ಕಿಂತ ಪುರಾವೆ ಬೇಕೇನು?"

"ಇದೇನು ಅಂತ ಕೇಳ್ತಾಳ. ವಿಭೂತಿ ಅಂತ ಹೇಳಬೇಕು. ಯಾರು ಹಚ್ಚಿದ್ರು ಅಂತ ನಾ ಹೇಳಬೇಕಾಗಿಲ್ಲ, ಆಕಿಗೇ ತಿಳೀತದ." ಅವನು ಮೆಟ್ಟಿಲಿನ ಕಡೆ ನೋಡಿದ. "ಈಗ ಸಿಟ್ಟು ಮಾಡ್ಲಿಕ್ಕೆ ಆಕಿಗೆ ನಾ ಅದೀನಿ. ಇದು ತಿಳದ ಮ್ಯಾಲೆ ಯಾರ ಮ್ಯಾಲೆ ಸಿಟ್ಟು ಮಾಡ್ಬೇಕ್ರಿ? ಲಿಂಗದ ಮ್ಯಾಲೋ, ತನ್ನ ಕೈ ಮ್ಯಾಲೋ? ಗೋದಾಬಾಯಿನ್ನ ಕೊಂದಾಕಿ ನಾನ ಅಂತ ಅನ್ಕೋತಾಳ. ಅನ್ಕೊಂಡು ಆಕಿ ಉಳಿಯಂಗಿಲ್ಲ."

"ಮತ್ತ ನೀ? ನಿನ್ನ ಮಾತು?"

ಹೆಜ್ಜೆಗಳು ಮೊದಲ ಮಹಡಿ ದಾಟಿದವು. ಅವನು ತೊಡೆಯ ಮೇಲಿನ ಬಿಳಿ ಪುಡಿಯನ್ನು ಕೈಯಿಂದ ಒರೆಸಿ ಪ್ಯಾಂಟಿಗೆ ತಿಕ್ಕಿಕೊಂಡ. ನನ್ನ ಕೈಯ ತಗಡಿನ ಕಡೆ ನೋಡಿದ. ನಾನು ಅದನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿದೆ. ಜೀವನದಲ್ಲಿ ಮೊದಲ ಸಲ ಸ್ಟೋರಿನ ಮನುಷ್ಯ ಒಂದು ಸಾಮಾನು ಕದ್ದ.

ಚನ್ನಬಸವ್ವ ಕಂಬದ ಹತ್ತಿರ ಬಂದು ನಿಂತಳು. ಕಾರಿನ ಹತ್ತಿರ ಬರಲಿಲ್ಲ. ಗಂಡನ ಕಡೆ ನೋಡದೆ ನನಗೇ ಹೇಳಿದಳು: "ಹಾರ್ನ್ ಚಲೋ ಒದರ್ತದಲ್ರಿ ಅಣ್ಣಾರ."

ನಾನು ಅವನ ಮುಖ ನೋಡಿದೆ. ಅವನು ಕಾರಿನಿಂದ ಇಳಿದು ನಿಂತ. ಒಂದು ಕೈ ಬಾಗಿಲ ಮೇಲಿತ್ತು.

"ಹೌದು, ಚಲೋ ಅದ" ಎಂದ. "ಆವತ್ತೂ ಚಲೋನ ಇತ್ತು. ನಾ ಒತ್ತಿರಲಿಲ್ಲ. ತಿರುವಿನ್ಯಾಗ ನಿದ್ದಿ ಹತ್ತಿತ್ತು. ಇಷ್ಟು ದಿನ ಹೇಳ್ಲಿಕ್ಕೆ ಧೈರ್ಯ ಆಗಲಿಲ್ಲ."

ಚನ್ನಬಸವ್ವ ಕಂಬಕ್ಕೆ ಕೈಯೂರಿ ಮೆಲ್ಲಗೆ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೊತ್ತಿಕೊಂಡಳು. ಗೋದಾಬಾಯಿ ಸತ್ತ ದಿನ ಅವಳು ಅತ್ತಿರಲಿಲ್ಲ. ಮಣ್ಣಿಗೆ ಹೋಗಿ ಬಂದು ಪಾತ್ರೆ ತಿಕ್ಕಿದ್ದಳು. ಈಗ ಎಂಟು ತಿಂಗಳಿನದನ್ನೆಲ್ಲ ಒಮ್ಮೆಗೇ ಅತ್ತಳು. "ಇಷ್ಟು ಹೇಳ್ಲಿಕ್ಕೆ ಇಷ್ಟು ದಿನ ಬೇಕಾತೇನ್ರಿ ನಿಮಗ" ಎಂದಳು, ನನಗಲ್ಲ, ಅವನಿಗೆ. ಅವನು ಹೋಗಿ ಎರಡು ಮೆಟ್ಟಿಲು ಕೆಳಗೆ ಕೂತ. ನಾನು ಕಾರಿನ ಆಚೆ ಬದಿಗೆ ಹೋಗಿ ಪಾನಾಗಳನ್ನು ಸುಮ್ಮನೆ ಹೊಂದಿಸಿದೆ.

ಅವಳು ಮೇಲೆ ಹೋದ ನಂತರ ನಾವು ಕೆಲಸ ಮುಗಿಸಿದೆವು. ಕೆಲಸ ನಿಲ್ಲಿಸುವ ಹಾಗಿರಲಿಲ್ಲ, ಮರುದಿನ ಅವನು ತಳೇಗಾಂವಕ್ಕೆ ಹೋಗಬೇಕಿತ್ತು. ಬ್ಯಾಟರಿಯ ವೈರನ್ನು ಮತ್ತೆ ಬಿಚ್ಚಿದೆ. ನಟ್ಟಿನ ಸುತ್ತಲೂ ಅದೇ ಬಿಳಿಯ ಪದರು. ಕೆರೆದು, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾದು, ಉದ್ದ ಹಿಡಿಕೆಯ ಪಾನಾ ಹಾಕಿ ಇಬ್ಬರೂ ಜಗ್ಗಿದ ಮೇಲೆ ಅದು ಸಡಿಲವಾಯಿತು. "ಪೂರ್ತಿ ತೆಗೀಬ್ಯಾಡ, ಎರಡು ಸುತ್ತು ಇರಲಿ, ಇಲ್ಲಾಂದ್ರ ಮುಖಕ್ಕ ಬಂದು ಬಡೀತದ" ಎಂದೆ. ಹೊಸದು ನೇರ ಕೂರಲೆಂದು ಚಕ್ರ ಕೂರುವ ಸರಳಿನ ಮೇಲೆ ಬಿಳಿ ಪೇಂಟಿನ ಗುರುತು ಹಾಕಿದೆ. ಅವನು ಮೊಣಕಾಲನ್ನು ಕೆಳಗೆ ಒತ್ತಿ ಸ್ಟೇರಿಂಗನ್ನು ಎರಡೂ ಕೈಯಿಂದ ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಎಳೆದ. ಎಳೆದಷ್ಟೂ ಅದು ಬಿಗಿಯಾಗಿ ಕೂತಂತೆ ಕಂಡಿತು. ಕೊನೆಗೆ ಒಮ್ಮೆಲೇ ಕಿತ್ತುಬಂದು ಅವನು ಸೀಟಿಗೆ ಒರಗಿ ಬಿದ್ದ. ಆ ಸೀಳಿದ ಚಕ್ರವನ್ನು ಎದೆಯ ಮೇಲೆ ಹಿಡಿದುಕೊಂಡು ಹಾಗೇ ಬಿದ್ದಿದ್ದ. ಏಳಲಿಲ್ಲ. ಅಳುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ಸದ್ದಿರಲಿಲ್ಲ.

"ನಾ ಒತ್ತಿದ್ದೆ ಅಣ್ಣಾ" ಎಂದ.

"ಗೊತ್ತದೋ ತಮ್ಮಾ" ಎಂದೆ. ಎಂಟು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಹೇಳಬೇಕಾಗಿದ್ದ ಮಾತು. ಅದನ್ನು ಹೇಳಿ ನನಗೆ ಯಾವ ಹಗುರವೂ ಆಗಲಿಲ್ಲ.

ಹೊಸ ಸ್ಟೇರಿಂಗ್ ಗುರುತಿಗೆ ಸರಿಯಾಗಿ ಕೂತಿತು. ಅದರ ಹಾರ್ನಿನ ತಗಡುಗಳಿಗೆ ಅವನು ತೆಳ್ಳಗೆ ಗ್ರೀಸು ಹಚ್ಚಿದ. ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಇಟ್ಟ. ನಡುವೆ ಒತ್ತಿದರೂ ಕೂಗಿತು, ಅಂಚಿಗೆ ಒತ್ತಿದರೂ ಕೂಗಿತು. ಹಳೆಯ ಸ್ಟೇರಿಂಗನ್ನು ಗುಜರಿ ಕೊಳ್ಳುವ ಭಂಗಾರದವನಿಗೆ ಹಾಕಿದೆವು. ತಗಡು ಮಾತ್ರ ನನ್ನ ಪೆಟ್ಟಿಗೆಯಲ್ಲಿ ಉಳಿಯಿತು. ನನ್ನ ಪೆಟ್ಟಿಗೆಯಲ್ಲಿರುವ ಪ್ರತಿ ವಸ್ತುವಿಗೂ ಒಂದು ಚೀಟಿ ಇದೆ. ಇದರ ಚೀಟಿಯನ್ನೂ ಕಟ್ಟಿದ್ದೇನೆ, ಏನೂ ಬರೆದಿಲ್ಲ.

ಮರುದಿನ ಸೋಮವಾರ. ಶಿವಪುತ್ರಪ್ಪ ಆರಕ್ಕೇ ಎದ್ದು ಕಾರು ತೊಳೆದಿದ್ದ. ಅವನು ಹೊರಡುವ ಹೊತ್ತಿಗೆ ಚನ್ನಬಸವ್ವ ಕೈಯಲ್ಲಿ ಬಟ್ಟಲು ಹಿಡಿದು ಇಳಿದು ಬಂದಳು. ಹಾಲು ತರಲು ಹೊರಟಿದ್ದ ನಾನು ಅಲ್ಲೇ ನಿಂತೆ. ಅವಳು ಹೊಸ ಸ್ಟೇರಿಂಗಿನ ನಟ್ಟನಡುವೆ ಮೂರು ಬೆರಳು ಎಳೆದಳು. ಆಮೇಲೆ ಚಮಚ ಎತ್ತಿದಳು. ಒಂದಲ್ಲ, ಮೂರು ಚಮಚ. ಹನಿ ಹನಿಯಾಗಿ, ಕೆಳಗೆ ಬೀಳದ ಹಾಗೆ.

"ಇನ್ನ ಮ್ಯಾಲೆ ದಿನಾ ಹಾಕ್ತೀನ್ರಿ ಅಣ್ಣಾರ, ಬರೇ ಸೋಮವಾರ ಅಲ್ಲ" ಎಂದಳು. "ಮತ್ತೊಬ್ಬರ ಜೀವ ಹೋಗಬಾರದು."

ನನ್ನ ನಾಲಿಗೆಯ ತುದಿಗೆ ಬಂದಿತ್ತು. ನೀರು ಬೇಡವ್ವ, ಒಣ ವಿಭೂತಿ ಸಾಕು ಎಂದು ಇಷ್ಟೇ ಹೇಳಬಹುದಿತ್ತು. ಯಾಕೆ ಎಂದು ಅವಳು ಕೇಳಿದರೆ? ಶಿವಪುತ್ರಪ್ಪ ಅವಳ ಬೆನ್ನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಹಾಲಿಗೆ ಹೋದೆ.

ಈಗ ದಿನವೂ ನಡೆಯುವುದು ಇಷ್ಟು. ಅವಳು ವಿಭೂತಿ ಹಚ್ಚಿ, ನೀರು ಬಿಟ್ಟು ಮೇಲೆ ಹೋಗುತ್ತಾಳೆ. ಬಾಗಿಲು ಹಾಕಿದ ಸದ್ದಾಗುವವರೆಗೆ ಅವನು ಕಾಯುತ್ತಾನೆ. ಆಮೇಲೆ ಮುಚ್ಚಳ ಮೀಟಿ ತೆಗೆದು, ಒಳಗೆಲ್ಲ ಬಟ್ಟೆಯಿಂದ ಒರೆಸಿ, ಗ್ರೀಸು ನೋಡಿ, ಮತ್ತೆ ಕೂರಿಸುತ್ತಾನೆ. ಹೊರಗಿನ ಮೂರು ಗೆರೆ ಅಳಿಸದ ಹಾಗೆ ಜೋಪಾನ ಮಾಡುತ್ತಾನೆ. ಕೊನೆಗೆ ನಟ್ಟನಡುವೆ ಅಂಗೈಯಿಟ್ಟು ಒಮ್ಮೆ ಉದ್ದಕ್ಕೆ ಒತ್ತುತ್ತಾನೆ. ಮುಂಜಾನೆಯೇ ಏನಿದು ಗಲಾಟೆ ಎಂದು ಕಟ್ಟಡದ ಸೊಸೈಟಿಯವರು ಎರಡು ಸಲ ನೋಟೀಸು ಅಂಟಿಸಿದರು. ಎರಡನ್ನೂ ನಾನೇ ಹರಿದುಹಾಕಿದೆ.

ಅಡಿಗೆಮನೆಯ ಕಿಟಕಿ ಈಗ ತೆರೆದಿರುತ್ತದೆ. ಗಂಡ ಹೆಂಡತಿ ಮಾತಾಡುತ್ತಾರೆ. ಊಟಕ್ಕೆ ಜೊತೆಗೆ ಕೂರುತ್ತಾರಂತೆ. ಗೋದಾಬಾಯಿಯ ಜಾಗದಲ್ಲಿ ಇನ್ನೂ ಯಾರೂ ಕೂತಿಲ್ಲ.

ಮೊನ್ನೆ ಅವರ ಮನೆಗೆ ಚಹಾಕ್ಕೆ ಹೋಗಿದ್ದೆ. ಚನ್ನಬಸವ್ವ ಆಗಷ್ಟೇ ಮೇಲೆ ಬಂದು ಬಟ್ಟಲು ತೊಳೆದಿಟ್ಟಿದ್ದಳು. ನನಗೆ ಕಪ್ಪು ಕೊಡುವಾಗ ಕೆಳಗೆ ಹಾರ್ನ್ ಕೂಗಿತು. ಅವಳು ಕಿಟಕಿಯತ್ತ ತಿರುಗಿ ಅದು ನಿಲ್ಲುವವರೆಗೆ ಕೇಳಿಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಈಗ ದಿನಾ ಹೊಡೀತಾರ ನೋಡ್ರಿ ಅಣ್ಣಾರ" ಎಂದಳು. "ಆವತ್ತೊಂದ ಸಲ ಎಚ್ಚರ ಇದ್ದು ಒತ್ತಿದ್ರ ಸಾಕಿತ್ತು."

ಕಪ್ಪು ಬಿಸಿಯಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಹೌದವ್ವಾ" ಎಂದೆ.